ಬಿದ್ದ ಹಣ್ಣು ಕಾವಲಿನವನದು

ಬೆಂಗಳೂರಿನಿಂದ ಬಂದವರು ಹಸಿವು ಅಂದರೆ ನಂಬಬೇಡಿ. ದಾರಿಯಲ್ಲಿ ಎರಡು ಕಡೆ ತಿಂದಿರುತ್ತಾರೆ, ಚೀಲದಲ್ಲಿ ಇನ್ನೂ ಇರುತ್ತದೆ. ಹಸಿವಿಲ್ಲ ಅಂದವರನ್ನೂ ನಂಬಬೇಡಿ. ಸಾರಿನ ಪಾತ್ರೆಯ ತಳ ಕೆರೆಯುವವರು ಅವರೇ. ಒಲೆಯ ಮೇಲೆ ನೀರಿಡುವ ಮುಂಚೆ ಬಂದವರ ಮುಖ ನೋಡಿ, ಮಾತು ಕೇಳಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದ್ದರಲ್ಲಿ ಅರ್ಧ ಇಷ್ಟೇ. ಉಳಿದರ್ಧಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಯಲ್ದೂರಿನ ಹತ್ತಿರ ನಾರಾಯಣಸ್ವಾಮಿ ತನ್ನ ಮಾವಿನ ತೋಪಿನಲ್ಲಿ ಪ್ರವಾಸಿಗರಿಗೆಂದು ನಾಲ್ಕು ಕೋಣೆ ಕಟ್ಟಿಸಿದಾಗ ಅಡುಗೆಗೆ ನನ್ನನ್ನು ಕರೆದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದಕ್ಕೆ ಮುಂಚೆ ಟೊಮ್ಯಾಟೊ ಬಿಡಿಸಿದ್ದೆ, ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದಿದ್ದೆ, ಮದುವೆ ಮನೆಗಳಲ್ಲಿ ಮುದ್ದೆ ತಿರುವಿದ್ದೆ. ಬಿಸಿಲಲ್ಲಿ ಬಗ್ಗಿ ದುಡಿಯುವುದಕ್ಕಿಂತ ನೆರಳಲ್ಲಿ ನಿಂತು ದುಡಿಯುವುದು ವಾಸಿ ಅಂತ ಒಪ್ಪಿಕೊಂಡೆ. ಅತಿಥಿ ದೇವರು, ಸೇವೆ, ಅದೂ ಇದೂ ಅಂತ ನಾರಾಯಣಸ್ವಾಮಿ ಗೋಡೆಗೆ ಬರೆಸಿದ್ದಾನೆ. ನಾನು ಬಂದದ್ದು ನೆರಳಿಗೆ.

ಅವನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಮೇಲಿನವನಲ್ಲವೇ. ಮನುಷ್ಯ ಒಳ್ಳೆಯವನು. ಆದರೆ ಯಾವುದೋ ತರಬೇತಿಗೆ ಮೂರು ದಿನ ಹೋಗಿ ಬಂದರೆ ಮೂರು ತಿಂಗಳು ಅಡುಗೆಮನೆಗೆ ನೆಮ್ಮದಿ ಇರುವುದಿಲ್ಲ. ಮೊದಲನೇ ತರಬೇತಿಯಿಂದ ಬಂದವನೇ, "ರತ್ನಕ್ಕ, ಮಿಕ್ಸಿ ಒಳಗಿಡು, ರುಬ್ಬುಗುಂಡು ಹೊರಗಿಡು. ಜನಕ್ಕೆ ಹಳೇ ಕಾಲ ಬೇಕಂತೆ" ಅಂದ.

"ಹಳೇ ಕಾಲ ಬೇಕಿದ್ರೆ ಅವರೇ ರುಬ್ಬಲಿ. ನನ್ ರಟ್ಟೆ ಆ ಕಾಲದಲ್ಲೇ ಹೋಗಿದೆ" ಅಂದೆ.

ಸಿಟ್ಟಿನಲ್ಲಿ ಅಂದದ್ದು ಹಾಗೇ ನಡೆಯಿತು. ಜಗಲಿಯ ಮೇಲೆ ರುಬ್ಬುಗುಂಡು ಇಟ್ಟೆವು. ಒಬ್ಬ ದಪ್ಪ ಕನ್ನಡಕದ ಯಜಮಾನರು ಬಂದು, "ಅಜ್ಜಿ, ನಾನು ರುಬ್ಬಲಾ?" ಅಂತ ಕೂತರು. ಅವರ ಹೆಂಡತಿ ವಿಡಿಯೊ ಹಿಡಿದರು. ಒಳಗೆ ನಾನು ಮಿಕ್ಸಿಯಲ್ಲಿ ಮಸಾಲೆ ತಿರುಗಿಸಿ, ಹಿತಕಿದ ಬೇಳೆ ಸಾರು ಕುದಿಸಿ, ಒಗ್ಗರಣೆ ಕೊಟ್ಟು ಹೊರಗೆ ಬಂದರೆ ಪಾಪ, ಆತ ಇನ್ನೂ ಕೊಬ್ಬರಿಯ ಜೊತೆ ಗುದ್ದಾಡುತ್ತಿದ್ದಾರೆ. ಅಂಗಿ ಒದ್ದೆ. ಊಟಕ್ಕೆ ಕೂತಾಗ ಸಾರು ಬಾಯಿಗಿಟ್ಟು, "ನೋಡ್ದಾ? ಇದೇ ಕಣೇ ಕಲ್ಲಿನ ರುಚಿ!" ಅಂತ ಹೆಂಡತಿಗೆ ಹೇಳಿದರು. ನಾನು ಇನ್ನೊಂದು ಸೌಟು ಹಾಕಿದೆ. ಅವರು ರುಬ್ಬಿದ್ದು ಮಾರನೆಯ ದಿನ ನಮ್ಮ ಚಟ್ನಿಗಾಯಿತು. ಒಂದು ಕಾಲದಲ್ಲಿ ನೆಂಟರು ಬಂದರೆ ರುಬ್ಬುಗುಂಡಿಗೆ ಗೋಣಿ ಮುಚ್ಚಿ ಮಿಕ್ಸಿಯನ್ನು ನಡುಮನೆಯಲ್ಲಿಡುತ್ತಿದ್ದೆವು. ಈಗ ಮಿಕ್ಸಿಗೆ ಗೋಣಿ. ಕೆಲಸದ ವಿಧಾನ ಬದಲಾಯಿತು ಅಂದರೆ ಇಷ್ಟೇ ಬದಲಾದದ್ದು.

ಅಡುಗೆಯ ಜೊತೆಗೆ ವ್ಯಾನಿನಲ್ಲಿ ಹೋಗುವ ಕೆಲಸವೂ ನನ್ನ ತಲೆಗೇ ಬಂತು. ವ್ಯಾನು ಓಡಿಸುವವನು ಬಾಷಾ. ಬೆಳಿಗ್ಗೆ ಮಾಲೂರು ಸ್ಟೇಷನ್ನಿನಲ್ಲಿ ರೈಲು ಇಳಿಯುವವರನ್ನು ಹತ್ತಿಸಿಕೊಂಡು, ಕೋಲಾರದಲ್ಲಿ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ತೋರಿಸಿ, ಮುಳಬಾಗಿಲು ದಾಟಿ, ಕುರುಡುಮಲೆ ಗಣಪನಿಗೆ ಕೈ ಮುಗಿಸಿ, ಮಧ್ಯಾಹ್ನಕ್ಕೆ ತೋಪಿಗೆ ತರಬೇಕು. ಮುಂಚೆ ಒಬ್ಬ ಓದಿದ ಹುಡುಗ ಜೊತೆಗೆ ಹೋಗುತ್ತಿದ್ದ. ಅವನು ರಾಜರ ಹೆಸರು ಶುರುಮಾಡಿದರೆ ಜನ ಸೀಟಿನಲ್ಲೇ ನಿದ್ದೆ ಹೋಗುತ್ತಿದ್ದರು. "ರತ್ನಕ್ಕ ಬೈದ್ರೆ ಇಳೀತಾರೆ" ಅಂತ ಬಾಷಾನೇ ಚಾಡಿ ಹೇಳಿ ನನ್ನನ್ನು ಹತ್ತಿಸಿದ್ದು.

ಮುಳಬಾಗಿಲಿನಲ್ಲಿ ನಾನು ಮಾಡಿದ ಮೊದಲ ತಪ್ಪು: ಎಲ್ಲರಿಗೂ ಹೊಟ್ಟೆ ತುಂಬ ದೋಸೆ ತಿನ್ನಲು ಬಿಟ್ಟದ್ದು. ಮುಳಬಾಗಿಲು ದೋಸೆ ಗೊತ್ತಲ್ಲ, ಹೊರಗೆ ಕರುಕಲು, ಒಳಗೆ ಮೆತ್ತಗೆ. ಒಬ್ಬೊಬ್ಬರೂ ಮೂರು ಮೂರು ಇಳಿಸಿದರು. ತೋಪಿಗೆ ಬಂದು ನನ್ನ ಮುದ್ದೆ ನೋಡಿ, "ಅಜ್ಜಿ, ಚಿಕ್ಕದು ಇದ್ಯಾ?" ಅಂದರು. ಮುದ್ದೆಯಲ್ಲಿ ಚಿಕ್ಕದು ಅಂತ ಇರುವುದಿಲ್ಲ. ಮಾರನೆಯ ವಾರದಿಂದ ತಲೆಗೆ ಒಂದೇ ದೋಸೆ ಅಂತ ಕಟ್ಟಪ್ಪಣೆ ಮಾಡಿದೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರಂತೆ, ಒಬ್ಬರು ಎರಡನೆಯ ದೋಸೆಯನ್ನು ಪೇಪರಿನಲ್ಲಿ ಸುತ್ತಿ ಟೋಪಿಯೊಳಗೆ ಇಟ್ಟುಕೊಂಡು ಬಂದರು. ಕುರುಡುಮಲೆಯಲ್ಲಿ ದೇವರಿಗೆಂದು ಟೋಪಿ ತೆಗೆದಾಗ ದೋಸೆ ಕೆಳಗೆ ಬಿತ್ತು. ಪೂಜಾರಿಗಳು ದೋಸೆ ನೋಡಿದರು, ನನ್ನನ್ನು ನೋಡಿದರು.

"ಗಣಪನಿಗೆ ತಂದದ್ದು ಸ್ವಾಮಿ" ಅಂದೆ.

"ಕಡುಬಿಗೆ ಅಭ್ಯಂತರ ಇಲ್ಲಮ್ಮಾ. ದೋಸೆ ಹೊರಗೆ ತಗೊಂಡ್ಹೋಗಿ" ಅಂದರು ಅವರು.

ಕುರುಡುಮಲೆ ಗಣಪ ಬಲು ದೊಡ್ಡವನು, ಒಂದೇ ಕಲ್ಲು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ಮೂರ್ತಿ ಬಾಗಿಲಲ್ಲಿ ಹೇಗೆ ಒಳಗೆ ಬಂತು? ಮೊದಲು ಮೂರ್ತಿ, ಆಮೇಲೆ ಸುತ್ತ ಗುಡಿ ಕಟ್ಟಿರುತ್ತಾರೆ, ಇನ್ನೇನು. ಒಂದು ದಿನ ಕಾಲು ನೋಯುತ್ತಿತ್ತು, ಬಿಸಿಲು ಬೇರೆ. ಕೇಳಿದವನಿಗೆ, "ಒಳಗೆ ಬಂದಾಗ ಇಷ್ಟೇ ಇದ್ದ, ಇಲ್ಲಿ ತಿಂದುಂಡು ಬೆಳೆದ" ಅಂದುಬಿಟ್ಟೆ. ಎರಡು ವರ್ಷದ ಮೇಲೆ ಒಬ್ಬಳು ಹುಡುಗಿ ಫೋನು ಹಿಡಿದು ನನಗೇ ಓದಿ ಹೇಳಿದಳು: "ಅಜ್ಜಿ, ನಿಮಗೆ ಗೊತ್ತಾ? ಸ್ಥಳೀಯರ ನಂಬಿಕೆಯ ಪ್ರಕಾರ ಈ ಗಣಪತಿ ಒಳಗೆ ಬಂದ ಮೇಲೆ ಬೆಳೆದದ್ದಂತೆ." ಸ್ಥಳೀಯರು ಅಂದರೆ ನಾನೊಬ್ಬಳು. ಗಣಪನ ಮುಂದೆ ಕೆನ್ನೆ ತಟ್ಟಿಕೊಂಡೆ. ಅವತ್ತಿನಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದನ್ನು ಕಲಿತೆ. ನೀವೂ ಕಲಿಯಿರಿ. ನಾವು ಬಿಸಿಲಿಗೆ ಬೇಸತ್ತು ಹೇಳಿದ್ದನ್ನು ಜನ ಬರೆದಿಟ್ಟುಕೊಳ್ಳುತ್ತಾರೆ.

ಇನ್ನು ಮುದ್ದೆಯ ವಿಷಯ. ಮುದ್ದೆ ಅಗಿಯಬೇಡಿ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿ ಅಂತ ಎಷ್ಟು ಸಲ ಹೇಳಿದರೂ ಅಗಿಯುತ್ತಾರೆ. ಹಲ್ಲಿಗೆ ಅಂಟಿದ ಮೇಲೆ ಮಾತಾಡಲಾರದೆ ನನ್ನ ಕಡೆ ನೋಡುತ್ತಾರೆ. ಇನ್ನು ಕೆಲವರು ಫೋಟೊ ತೆಗೆಯುತ್ತಾರೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕರಿಬೇವಿನ ಎಲೆ ಇಟ್ಟು ಒಂದು. ಅಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿರುತ್ತದೆ. ಆಮೇಲೆ ಫೋನಿನಲ್ಲಿ ಮೂರೇ ನಕ್ಷತ್ರ ಒತ್ತಿ, ಮುದ್ದೆ ಗಟ್ಟಿ ಅಂತ ಬರೆಯುತ್ತಾರೆ. ನಾರಾಯಣಸ್ವಾಮಿ ಆ ನಕ್ಷತ್ರ ಹಿಡಿದುಕೊಂಡು ಅಡುಗೆಮನೆಗೆ ಬರುತ್ತಾನೆ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಮುದ್ದೆ ಕೋಲು ಇದ್ದರೆ ಒಳ್ಳೆಯದು.

ಈಗ ಮುಖ್ಯ ಕಥೆಗೆ ಬರುತ್ತೇನೆ.

ಒಂದು ವರ್ಷ ಜನ ಬರುವುದು ಕಡಿಮೆಯಾಯಿತು. ಶನಿವಾರ ಭಾನುವಾರ ಎರಡು ಕೋಣೆ ತುಂಬಿದರೆ ಹೆಚ್ಚು. ನಾರಾಯಣಸ್ವಾಮಿ ಇನ್ನೊಂದು ತರಬೇತಿಗೆ ಹೋಗಿ ಬಂದ. ಬೆಂಗಳೂರಿನ ಒಂದು ಪ್ರವಾಸದ ಕಂಪನಿಯವರು ಪ್ರತಿ ವಾರ ವ್ಯಾನು ತುಂಬ ಜನ ಕಳಿಸಲು ಒಪ್ಪುವ ಹಾಗಿದ್ದಾರೆ, ಆದರೆ ಮೊದಲು ಅವರ ಕಡೆಯ ಮೇಡಂ ಬಂದು ಒಂದು ದಿನ ನೋಡಬೇಕು ಅಂದ. ಆಮೇಲೆ ನನ್ನ ಮುಖ ನೋಡದೆ, "ಇದು ಆಗ್ಲಿಲ್ಲ ಅಂದ್ರೆ ಕೋಣೆಗಳನ್ನ ಗೋಡೌನ್ ಮಾಡ್ಬೇಕು ರತ್ನಕ್ಕ. ಟೊಮ್ಯಾಟೊದವರು ಕ್ರೇಟ್ ಇಟ್ಕೊಳೋಕೆ ಕೇಳ್ತಾವ್ರೆ" ಅಂದ. ಕ್ರೇಟಿಗೆ ಅಡುಗೆಯವಳು ಬೇಕಿಲ್ಲ, ವ್ಯಾನಿನವನೂ ಬೇಕಿಲ್ಲ. ನನಗೆ ಆಗ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಮತ್ತೆ ಟೊಮ್ಯಾಟೊ ಸಾಲಿನಲ್ಲಿ ಬಗ್ಗಿದರೆ ಎತ್ತಿ ನಿಲ್ಲಿಸಲು ಇಬ್ಬರು ಬೇಕಾಗುತ್ತಿತ್ತು.

ಮೇಡಂ ಬರುವುದಕ್ಕೆಂದು ಗೇಟಿನಲ್ಲಿ ಹೊಸ ಬೋರ್ಡು ನಿಂತಿತು. ಕೆಂಪು ಹಳದಿ ಬಣ್ಣದಲ್ಲಿ, "ನಿಮ್ಮ ಕೈಯಾರೆ ಮಾವು ಕಿತ್ತು ತಿನ್ನಿ" ಅಂತ. ತರಬೇತಿಯಲ್ಲಿ ಹೇಳಿಕೊಟ್ಟದ್ದು. ಬೋರ್ಡು ನೋಡಿ ನಾನೂ ಚೆನ್ನಾಗಿದೆ ಅಂದೆ. ಬಾಷಾನೂ ಚೆನ್ನಾಗಿದೆ ಅಂದ. ಯಾರಿಗೂ ಹೊಳೆಯಲಿಲ್ಲ.

ಏನು ಹೊಳೆಯಲಿಲ್ಲ ಅಂದರೆ, ನಮ್ಮ ಕಡೆ ಮಾವು ಹೂ ಬಿಟ್ಟಾಗಲೇ ಮಾರಿಬಿಡುತ್ತೇವೆ. ಶ್ರೀನಿವಾಸಪುರದ ವ್ಯಾಪಾರಸ್ಥರು ಬಂದು, ಹೂವು ನೋಡಿ, ತೋಪು ಸುತ್ತಿ, ಫಸಲನ್ನೆಲ್ಲ ಹಿಡಿದುಬಿಡುತ್ತಾರೆ. ಅಲ್ಲಿಂದ ಮುಂದೆ ನೆಲ ನಮ್ಮದು, ಮರ ನಮ್ಮದು, ಎಲೆ ನಮ್ಮದು, ಕಾಯಿ ಮಾತ್ರ ಅವರದು. ಮಿಡಿಯಾಗುವ ಹೊತ್ತಿಗೆ ಅವರ ಕಾವಲಿನವನು ಬಂದು ಗುಡಿಸಲು ಹಾಕುತ್ತಾನೆ. ತೋಪಿನ ಯಜಮಾನನೇ ಕೈ ಎತ್ತಿದರೂ ಅವನು ಕೂಗುತ್ತಾನೆ. ನಾರಾಯಣಸ್ವಾಮಿಯ ತಾತ ಹಾಗೇ ಮಾರಿದ್ದ, ಅಪ್ಪ ಹಾಗೇ ಮಾರಿದ್ದ. ಆ ವರ್ಷವೂ ಹೂವಿನ ಕಾಲದಲ್ಲಿ ವ್ಯಾಪಾರಸ್ಥ ಬಂದಿದ್ದ, ಇವನು ಹೂಂ ಅಂದಿದ್ದ, ಇಬ್ಬರಿಗೂ ಕಾಫಿ ಕೊಟ್ಟವಳು ನಾನೇ. ಹೂ ಬಂತು, ಮಾರಿದೆವು. ಉಸಿರಾಡಿದ್ದು ಯಾರಿಗಾದರೂ ನೆನಪಿರುತ್ತದೆಯೇ?

ಮೇಡಂ ಬಂದರು, ಜೊತೆಗೆ ಏಳು ಜನ. ಹೆಸರು ಅನುರಾಧಾ. ಕತ್ತರಿಸಿದ ಕೂದಲು, ಕೈಯಲ್ಲಿ ಪುಸ್ತಕ, ಏನು ನೋಡಿದರೂ ಒಂದು ಸಾಲು ಬರೆಯುತ್ತಾರೆ. ಮಾಲೂರಿನಲ್ಲಿ ಬರೆದರು, ಕೋಲಾರಮ್ಮನ ಗುಡಿಯಲ್ಲಿ ಬರೆದರು, ಮುಳಬಾಗಿಲಿನಲ್ಲಿ ನಾನು ಒಂದೇ ದೋಸೆ ಅಂದಾಗ ಎರಡು ಸಾಲು ಬರೆದರು. ಬಾಷಾ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಕಣ್ಣು ಬಿಟ್ಟ. ತೋಪಿಗೆ ಬಂದು ಬೋರ್ಡು ಓದಿ ಮೊದಲ ಸಲ ನಕ್ಕರು. "ಮೊದಲು ಇದೇ ಮಾಡೋಣ" ಅಂತ ನೇರವಾಗಿ ಒಂದು ರಸಪುರಿ ಮರದ ಕೆಳಗೆ ಹೋಗಿ ಕೈ ಎತ್ತಿದರು.

"ಏಯ್! ಚೆಯ್ಯಿ ತೀಯಮ್ಮಾ!"

ಕೈ ತೆಗಿ ಅಂತ ಕೂಗಿದವನು ಕಾವಲಿನ ಗಂಗುಲಪ್ಪ. ರಾಯಲ್ಪಾಡಿನ ಕಡೆಯವನು, ಸಿಟ್ಟು ಬಂದರೆ ತೆಲುಗು, ಇಳಿದರೆ ಕನ್ನಡ. ಕೈಯಲ್ಲಿ ಕವಣೆ, ಹಿಂದೆ ಬಡಕಲು ನಾಯಿ. ಮೇಡಂ ಕೈ ಎತ್ತಿದ್ದು ಹಾಗೇ ನಿಂತಿತು.

ನಾರಾಯಣಸ್ವಾಮಿ ಮುಖ ನೋಡಬೇಕಿತ್ತು. ಬೋರ್ಡು ನೋಡಿದ, ಮರ ನೋಡಿದ, ಗಂಗುಲಪ್ಪನನ್ನು ನೋಡಿದ. ಆಗ ಹೊಳೆಯಿತು. ಅದೇ ಗಳಿಗೆಯಲ್ಲಿ ನನಗೂ ಹೊಳೆಯಿತು.

"ಗಂಗುಲಪ್ಪ, ಇವರು ನಮ್ ಕಡೆಯೋರು ಕಣಯ್ಯಾ. ಒಂದೊಂದು ಕಿತ್ಕೊಳ್ಲಿ ಬಿಡು" ಅಂದ.

"ನಿಮ್ ಕಡೆಯೋರೇ ಇರ್ಲಿ ಸಾಮೀ. ಕಾಯಿ ನಿಮ್ದಾ?"

ನಾರಾಯಣಸ್ವಾಮಿ ಬೆವರು ಒರೆಸಿಕೊಂಡು ವ್ಯಾಪಾರಸ್ಥನಿಗೆ ಫೋನು ಮಾಡಿದ. ಆತ ಯಾವುದೋ ಲೋಡಿನ ಗಲಾಟೆಯಲ್ಲಿದ್ದ. "ಮರದ ಕೆಳಗೆ ಗಂಗುಲಪ್ಪನ್ ಮಾತೇ ಮಾತು. ಅವನು ಕೊಟ್ರೆ ತಗೊಳ್ಳಿ" ಅಂತ ಇಟ್ಟುಬಿಟ್ಟ. ಗಂಗುಲಪ್ಪ ಇದನ್ನು ಕೇಳಿ ಇನ್ನೂ ಎರಡು ಅಂಗುಲ ಎತ್ತರವಾದ. ಮೇಡಂ ಪುಸ್ತಕ ತೆರೆದು ಬರೆಯಲು ಶುರುಮಾಡಿದರು. ಆ ಪೆನ್ನು ಓಡುವುದು ನೋಡಿ ನನ್ನ ಕಣ್ಣ ಮುಂದೆ ಟೊಮ್ಯಾಟೊ ಸಾಲು ಬಂತು.

ನಾನು ಗಂಗುಲಪ್ಪನನ್ನು ಪಕ್ಕಕ್ಕೆ ಕರೆದೆ. "ಲೇ, ಬಂದ ದಿನದಿಂದ ನನ್ ಕೈ ಮುದ್ದೆ ತಿಂದಿದ್ದೀಯ. ಎಂಟು ಹಣ್ಣು. ತೋಪಲ್ಲಿ ಎಷ್ಟಿದೆ ನೋಡು."

"ತಿಂದಿದ್ದೀನಿ ಅಕ್ಕಾ, ಇಲ್ಲ ಅನ್ನಲ್ಲ. ಬೇಕಾದ್ರೆ ನಾಳೆಯಿಂದ ಇಕ್ಕಬೇಡ. ಕಾಯ ಮಾತ್ರಂ ಇವ್ವನು, ಕೊಡಲ್ಲ. ನಾನು ಕೊಟ್ಟೆ ಅಂದ್ರೆ ನಾಳೆ ಯಾವ ತೋಪಿನವರು ನನ್ನ ಕಾವಲಿಗೆ ಕರೀತಾರೆ?"

ಅವನಿಗೂ ಅವನ ಕೆಲಸ. ಅಷ್ಟರಲ್ಲಿ ಅವನ ಗುಡಿಸಲ ಮುಂದೆ ಬಿದಿರು ಬುಟ್ಟಿ ಕಂಡಿತು. ಅದರಲ್ಲಿ ಒಂದು ಹಣ್ಣು, ಒಂದು ಕಡೆ ನಜ್ಜಾಗಿತ್ತು.

"ಅದ್ಯಾರ್ದು?"

"ನಂದು. ತಾನಾಗಿ ಬಿದ್ದದ್ದು ಕಾವಲಿನವನದು. ಮೊದಲಿಂದ್ಲೂ ಹಂಗೇ."

"ನಿಂದನ್ನ ನೀನು ಬೇರೆಯವರಿಗೆ ಕೊಡಬಹುದಾ?"

"ನಂದು ನಾನು ನಾಯಿಗೂ ಹಾಕ್ತೀನಿ. ಯಾರು ಕೇಳ್ತಾರೆ?"

ನಾನು ವಾಪಸು ಬಂದು ಮೇಡಂಗೆ ಹೇಳಿದೆ. "ನೋಡಮ್ಮಾ, ಬೋರ್ಡು ಬರೆದವನಿಗೆ ತಲೆ ಇಲ್ಲ. ಈ ತೋಪಲ್ಲಿ ಕಿತ್ತು ತಿನ್ನೋ ಹಂಗಿಲ್ಲ, ಹೂವಲ್ಲೇ ಮಾರಾಗಿದೆ. ಬಿದ್ದದ್ದು ತಿನ್ನಬಹುದು. ಒಬ್ಬೊಬ್ಬರೂ ಒಂದೊಂದು ಮರ ಹಿಡಿದು ಕೂತ್ಕೊಳ್ಳಿ. ನಿಮ್ ಮರದಲ್ಲಿ ಬಿದ್ರೆ ಗಂಗುಲಪ್ಪ ನಿಮಗೆ ಕೊಡ್ತಾನೆ."

"ಎಷ್ಟು ಹೊತ್ತು ಕೂರಬೇಕು?"

"ಬೀಳೋವರ್ಗೂ."

"ಬೀಳದಿದ್ರೆ?"

"ಬೀಳದಿದ್ರೂ ಗಂಗುಲಪ್ಪ ದಿನಾ ಕೂತಿರ್ತಾನಲ್ಲ."

ನಾರಾಯಣಸ್ವಾಮಿ ಹಣೆ ಹಿಡಿದುಕೊಂಡ. ಆದರೆ ಬಿಸಿಲಲ್ಲಿ ಮಾಡಲು ಬೇರೆ ಏನೂ ಇರಲಿಲ್ಲ. ಎಂಟೂ ಜನ ಹೋಗಿ ಮರ ಆರಿಸಿದರು. ಅಲ್ಲೇ ಜಗಳ ಶುರುವಾಯಿತು. ಮೀಸೆಯ ಒಬ್ಬರು ಹೆಚ್ಚು ಕಾಯಿ ಇದ್ದ ಮರ ಹಿಡಿದರು, ಗಂಗುಲಪ್ಪ ಅದು ತೋತಾಪುರಿ, ಇನ್ನೂ ತಿಂಗಳು ಬೀಳಲ್ಲ ಅಂದ, ಅವರು ಎದ್ದು ಓಡಿದರು. ಇನ್ನೊಬ್ಬಳು ಎರಡು ಮರದ ಮಧ್ಯೆ ಕೂತು ಎರಡೂ ನಂದು ಅಂದಳು. ಗಂಗುಲಪ್ಪ ನಾಯಿಯ ಜೊತೆ ಸುತ್ತು ಹೊಡೆದು ಕಾನೂನು ಹೇಳಿದ. ಮರ ಅಲುಗಿಸಬಾರದು. ಕಲ್ಲು ಎಸೆಯಬಾರದು. ಕೊಂಬೆಗೆ ಜೋತು ಬೀಳಬಾರದು. ಗಿಳಿ ಬಂದರೆ ಓಡಿಸಬೇಕು, ಯಾಕೆಂದರೆ ಕೂತ ಮೇಲೆ ನೀವೂ ಕಾವಲಿನವರೇ.

ಅರ್ಧ ಗಂಟೆ ಏನೂ ಬೀಳಲಿಲ್ಲ. ಬಾಷಾ ನಮಗೆ ಸಹಾಯ ಮಾಡಲು ಹೊರಟ. ವ್ಯಾನು ನೆರಳಿಗೆ ಹಾಕುತ್ತೇನೆ ಅಂತ ಹಿಂದಕ್ಕೆ ತಂದು ತಂದು ಮೇಡಂ ಮರಕ್ಕೆ ಮೆಲ್ಲಗೆ ಗುದ್ದಿಸುವ ಯೋಚನೆ. ಇನ್ನೊಂದು ಮೊಳ ಇರುವಾಗ ಗಂಗುಲಪ್ಪ ವ್ಯಾನಿನ ಹಿಂದೆ ನಿಂತು, "ಬಾ, ಬಾ. ಮೊದಲು ನನ್ನ ಗುದ್ದು, ಆಮೇಲೆ ಮರ" ಅಂದ. ಬಾಷಾ, "ಹಿಂದೆ ಕಾಣಿಸ್ಲಿಲ್ಲ ಚಿಚ್ಚಾ" ಅಂತ ವ್ಯಾನನ್ನು ಗೇಟಿನ ತನಕ ತೆಗೆದುಕೊಂಡು ಹೋದ.

ಊಟದ ಹೊತ್ತಾಯಿತು. ಬನ್ನಿ ಅಂತ ಕರೆದರೆ ಒಬ್ಬರೂ ಏಳುವುದಿಲ್ಲ. "ಅಜ್ಜಿ, ಎದ್ದು ಹೋದಾಗ್ಲೇ ಬಿದ್ರೆ?" ಅಂತ ಮೀಸೆಯವರು. ಇಷ್ಟು ವರ್ಷದಲ್ಲಿ ಬಂದವರು ಫೋನು ಬದಿಗಿಟ್ಟು ಮೇಲೆ ನೋಡಿಕೊಂಡು ಕೂತದ್ದು ನಾನು ನೋಡಿದ್ದು ಅದೇ ಮೊದಲು. ಮಾಡಿದ ಬಸ್ಸಾರು ಆರುತ್ತಿತ್ತು. ಮುದ್ದೆಯನ್ನು ಒಳಗೆ ತಿರುವಿ ತೋಪಿನ ತನಕ ಹೊತ್ತರೆ ಕಲ್ಲಾಗುತ್ತದೆ. ಆದದ್ದಾಗಲಿ ಅಂತ ಪಾತ್ರೆ, ಹಿಟ್ಟು, ಕೋಲು ಎಲ್ಲ ಹೊರಗೆ ತಂದು, ಮೂರು ಕಲ್ಲಿಟ್ಟು ಮರದ ಕೆಳಗೇ ಒಲೆ ಹಚ್ಚಿದೆ. ಹೊಗೆ ಏಳುತ್ತಿದ್ದಂತೆ ಗಂಗುಲಪ್ಪ ಓಡಿ ಬಂದ.

"ಅಕ್ಕಾ! ಹೊಗೆ ಹಾಕಿ ಬೀಳಿಸ್ತೀಯಾ?"

"ಮುದ್ದೆ ಕಣಯ್ಯಾ!"

"ಅದೆಲ್ಲಾ ಬ್ಯಾಡ. ಕಾವು ತಾಕಿ ಬಿದ್ರೆ ಅದು ತಾನಾಗಿ ಬಿದ್ದಂಗಲ್ಲ. ಆಚೆ ಹೋಗು."

ಬೇಲಿಯ ಆಚೆಗೆ ಒಲೆ ಎತ್ತಿಸಿದ. ಅಲ್ಲಿ ಗಾಳಿಗೆ ಬೆಂಕಿ ಒಂದು ಕಡೆ, ಹೊಗೆ ನನ್ನ ಕಣ್ಣಿಗೆ. ಬೈದುಕೊಂಡೇ ತಿರುವಿದೆ, ಬೈದುಕೊಂಡೇ ಕಟ್ಟಿದೆ. ಬಿಸಿಬಿಸಿ ಮುದ್ದೆ ತಟ್ಟೆಗೆ ಹಾಕಿ ಮರದಿಂದ ಮರಕ್ಕೆ ಓಡಿದೆ. ಎಂಟು ಜನ, ಎಂಟು ಮರ. ಮದುವೆ ಮನೆಯಲ್ಲೂ ನಾನು ಅಷ್ಟು ಓಡಿಲ್ಲ. ಒಂದು ಮಾತ್ರ ಒಳ್ಳೆಯದಾಯಿತು. ಎಲ್ಲರ ಕಣ್ಣೂ ಮೇಲೆ ಇದ್ದುದರಿಂದ ಒಬ್ಬರೂ ಫೋಟೊ ತೆಗೆಯಲಿಲ್ಲ. ಮುರಿದರು, ಅದ್ದಿದರು, ನುಂಗಿದರು. ಮೇಲೆ ನೋಡಿಕೊಂಡು ಅಗಿಯಲಾಗುವುದಿಲ್ಲ, ಗಂಟಲೇ ಹಾಗೆ ಮಾಡಿದ್ದಾನೆ ದೇವರು. ಮೇಡಂ ಇನ್ನೊಂದು ಮುದ್ದೆ ಕೇಳಿದರು.

ಊಟದ ಮೇಲೆ ಒಂದೊಂದಾಗಿ ಬಿದ್ದವು. ಎರಡು ಮರದ ಹುಡುಗಿಗೆ ಮೊದಲು. ಅವಳ ಕಿರುಚಾಟಕ್ಕೆ ನಾಯಿ ಗುಡಿಸಲು ಸೇರಿತು. ಮೀಸೆಯವರಿಗೆ ಹೆಗಲ ಮೇಲೇ ಬಿತ್ತು, ನೋವಿನಲ್ಲೂ ನಕ್ಕರು. ಬಿದ್ದದ್ದನ್ನೆಲ್ಲ ಗಂಗುಲಪ್ಪ ಎತ್ತಿ, ತಿರುಗಿಸಿ ತೊಟ್ಟು ನೋಡಿ, "ಹೂಂ, ತಾನಾಗಿ ಬಿದ್ದದ್ದೇ" ಅಂದ ಮೇಲೇ ಕೊಡುತ್ತಿದ್ದ. ಇಳಿಹೊತ್ತಿನೊಳಗೆ ಏಳು ಜನಕ್ಕೆ ಸಿಕ್ಕಿತು. ಮೇಡಂ ಮರ ಮಾತ್ರ ಮಿಸುಕಲಿಲ್ಲ.

ಮಾಲೂರಿನಲ್ಲಿ ರೈಲು ಹಿಡಿಯಬೇಕು, ಬಾಷಾ ಹಾರ್ನು ಹೊಡೆಯುತ್ತಿದ್ದಾನೆ. ಮೇಡಂ ಪುಸ್ತಕ ಮಡಚಿ, ಕುಂಡೆಯ ಧೂಳು ಕೊಡವಿಕೊಂಡು ಎದ್ದರು. ಎಲ್ಲರಿಗೂ ಸಿಕ್ಕಿ ಬರೆಯುವವರಿಗೆ ಮಾತ್ರ ಸಿಕ್ಕಲಿಲ್ಲ ಅಂದರೆ ಏನು ಬರೆದಾರು? ನಾರಾಯಣಸ್ವಾಮಿ ಗಂಗುಲಪ್ಪನ ಕಡೆ ಕೈ ಮುಗಿಯುವುದೊಂದು ಬಾಕಿ. ಗಂಗುಲಪ್ಪ ಆಕಾಶ ನೋಡುತ್ತಾ ನಿಂತಿದ್ದ. ಆಮೇಲೆ ಗುಡಿಸಲಿಗೆ ಹೋಗಿ ಬುಟ್ಟಿಯಲ್ಲಿದ್ದ ಆ ನಜ್ಜಾದ ಹಣ್ಣು ತಂದ. ಸೊಂಟದ ಚಾಕುವಿನಿಂದ ಕೆಟ್ಟ ಅರ್ಧ ಕೊಯ್ದು ನಾಯಿಗೆ ಹಾಕಿದ, ಉಳಿದರ್ಧ ತೊಳೆದು ಮೇಡಂ ಕೈಗಿಟ್ಟ.

"ಇದು ನಿಮ್ ಮರದ್ದೇ ಅಮ್ಮಾ. ಬೆಳಿಗ್ಗೆ ನೀವು ಬರೋ ಮುಂಚೆ ಬಿತ್ತು. ಗಿಳಿ ಕಚ್ಚಿದೆ."

"ಬೆಳಿಗ್ಗೆಯಿಂದ ಇತ್ತಾ? ಮೊದಲೇ ಯಾಕೆ ಕೊಡ್ಲಿಲ್ಲ?"

"ಮೊದಲು ನೀವು ಕಾವಲು ಕೂತಿರ್ಲಿಲ್ಲವಲ್ಲ. ಈಗ ಕೂತ್ರಿ."

ಮೇಡಂ ಅಲ್ಲೇ ನಿಂತು ತಿಂದರು. ರಸ ಮೊಣಕೈ ತನಕ ಇಳಿಯಿತು, ಪುಸ್ತಕದ ಮೇಲೂ ಬಿತ್ತು. ವಾಟೆ ಚೀಪಿ, ನನ್ನ ಸೆರಗಿಗೇ ಕೈ ಒರೆಸಿ ವ್ಯಾನು ಹತ್ತಿದರು. ಅವರು ಅವತ್ತು ಏನು ಬರೆದರೋ ನನಗೆ ಗೊತ್ತಿಲ್ಲ. ಆದರೆ ಮುಂದಿನ ಶನಿವಾರ ವ್ಯಾನು ತುಂಬಿತ್ತು, ಇಳಿದವರೆಲ್ಲ ಕೇಳಿದ್ದು ಒಂದೇ: "ಅಜ್ಜಿ, ನಮ್ಮ ಮರ ಯಾವುದು?"

ನಾರಾಯಣಸ್ವಾಮಿ ಬೋರ್ಡು ಅಳಿಸಿ "ಮಾವು ಕಾಯಿರಿ" ಅಂತ ಬರೆಸಿದ. ಮುಂದಿನ ಹೂವಿನ ಕಾಲಕ್ಕೆ ವ್ಯಾಪಾರಸ್ಥ ಮತ್ತೆ ಬಂದಾಗ ಇವನಿಗೆ ತಲೆ ಓಡಿತು, ಈ ಸಲ ನಾಲ್ಕು ಮರ ಉಳಿಸಿಕೊಂಡರೆ ಹೇಗೆ ಅಂತ. ನಾನು ಕಾಫಿ ಲೋಟ ಕುಕ್ಕಿ ಹೇಳಿದೆ: "ಎಲ್ಲಾ ಮಾರಪ್ಪ. ಕಿತ್ತು ತಿನ್ನೋ ಹಂಗಿದ್ರೆ ಅರ್ಧ ಗಂಟೇಲಿ ತಿಂದು ಎದ್ದೋಗ್ತಾರೆ. ಮುದ್ದೆಗೆ ಯಾರು ಕೂತಿರ್ತಾರೆ?" ಮಾರಿದ. ಅವತ್ತಿನಿಂದ ಕಾಯಿಯ ಕಾಲದಲ್ಲಿ ನನ್ನ ಒಲೆ ಬೇಲಿಯ ಆಚೆಗೇ. ನೆರಳಿಗೆ ಅಂತ ಕೆಲಸಕ್ಕೆ ಬಂದವಳು ಬಿಸಿಲಿಗೆ ಬಿದ್ದೆ.

ಈಗ ಮಣಿಕಟ್ಟು ಕೇಳುವುದಿಲ್ಲ. ಕೋಲನ್ನು ಮಂಜುಳಾಗೆ ಕೊಟ್ಟಿದ್ದೇನೆ, ಎರಡು ಮಕ್ಕಳ ತಾಯಿ, ಕೆಲಸದವಳು, ಮಾತು ಜಾಸ್ತಿ. ಕೊನೆಯ ದಿನ ಹೋಗುವ ಮುಂಚೆ ಗಂಗುಲಪ್ಪನ ಹತ್ತಿರ ಹೋದೆ. "ಇಷ್ಟು ವರ್ಷ ಒಂದು ಹಣ್ಣು ಕೇಳಿಲ್ಲ ಕಣೋ. ಇವತ್ತು ಕೊಡು" ಅಂದೆ.

ಅವನು ಬುಟ್ಟಿ ಬೋರಲು ಹಾಕಿ ತೋರಿಸಿದ. ಖಾಲಿ. "ಕೂತ್ಕೋ ಅಕ್ಕಾ" ಅಂತ ಒಂದು ಮರ ತೋರಿಸಿದ.

ಕೂತೆ. ಇಷ್ಟು ವರ್ಷದಲ್ಲಿ ಆ ತೋಪಿನಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಪಕ್ಕದ ಮರದ ಕೆಳಗೆ ಬೆಂಗಳೂರಿನ ಒಬ್ಬಳು ಹುಡುಗಿ ಕೂತಿದ್ದಳು, ಬಂದ ಹತ್ತು ನಿಮಿಷಕ್ಕೆ ಅವಳಿಗೆ ಬಿತ್ತು. ನನ್ನ ಕಣ್ಣೆದುರೇ ತಿಂದಳು. ಮಂಜುಳಾ ಬೇಲಿಯ ಆಚೆಯಿಂದ ಮುದ್ದೆ ತಂದಳು, ಮುಖವೆಲ್ಲ ಮಸಿ, ಕಣ್ಣು ಕೆಂಪು. ಕೋಲು ಕೊಟ್ಟ ಮೇಲೆ ಅವಳೊಬ್ಬಳೇ ತಿರುವಿದ ಮೊದಲನೆಯ ಮುದ್ದೆ. ತಟ್ಟೆ ಇಟ್ಟು ಎದುರೇ ನಿಂತಳು.

"ಹೆಂಗಿದೆ ಅಜ್ಜಿ?"

"ಗಂಟು."

"ಮತ್ತೆ ಪೂರ್ತಿ ತಿಂದ್ಯಲ್ಲ?"

"ಮೇಲೆ ನೋಡ್ತಿದ್ದೆ, ಗಂಟಲಲ್ಲಿ ಇಳಿದ್ಹೋಯ್ತು. ಇನ್ನೊಂದು ತಾ. ನನ್ ಮರದಲ್ಲಿ ಇನ್ನೂ ಬಿದ್ದಿಲ್ಲ."